ಪ್ಲೇಟ್‌ಲೆಟ್ ಒಂದನ್ನೇ ನೋಡಿದರೆ ಸಾಲದು

ಮುಂಬೈಯಲ್ಲಿ ಮಳೆ ಹಿಡಿದರೆ ನಮ್ಮ ಲ್ಯಾಬಿಗೆ ಮಲೇರಿಯಾ ಪರೀಕ್ಷೆಗೆ ಕಟ್ಟಡ ಕೆಲಸದವರ ರಕ್ತ ಬರುವುದು ಜಾಸ್ತಿ. ಅವರಲ್ಲಿ ವಿಜಯಪುರ, ಕಲಬುರಗಿ ಕಡೆಯವರೂ ಇರುತ್ತಾರೆ. ನನ್ನ ಕನ್ನಡ ಕಿವಿಗೆ ಬಿದ್ದ ಕೂಡಲೇ ಕಿಟಕಿ ಹತ್ತಿರ ಬಂದು ಕೇಳೋದು ಒಂದೇ ಮಾತು: "ಸರ, ಪ್ಲೇಟ್‌ಲೆಟ್ ಎಷ್ಟ ಅದಾವ್ರಿ?"

ಮಲೇರಿಯಾದಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಇಳಿಯುವುದು ಸಾಮಾನ್ಯ. ಔಷಧಿ ಹತ್ತಿದರೆ ಬಹಳ ಜನರಲ್ಲಿ ತಾನಾಗಿ ಏರುತ್ತದೆ. ಬರೀ ಪ್ಲೇಟ್‌ಲೆಟ್ ಕಡಿಮೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತೀವ್ರ, ಅಂದರೆ ಜೀವಕ್ಕೆ ಕುತ್ತು ತರುವ, ಮಲೇರಿಯಾ ಅನ್ನುವುದಿಲ್ಲ. ರಕ್ತಸ್ರಾವ ಇದ್ದರೆ ಮಾತು ಬೇರೆ. ನಾನು ವಾರ್ಡಿಗೆ ಫೋನ್ ಮಾಡೋದು ಬೇರೆ ಅಂಕಿಗಳಿಗೆ.

ಮೊದಲನೆಯದು ಶುಗರ್. 40ಕ್ಕಿಂತ ಕೆಳಗೆ ಬಂದರೆ ವರದಿ ಟೈಪ್ ಆಗುವವರೆಗೆ ಕಾಯುವುದಿಲ್ಲ. ಎಚ್ಚರ ತಪ್ಪಿದವರನ್ನು ಮಿದುಳಿಗೆ ಏರಿದ ಮಲೇರಿಯಾ ಅಂದುಕೊಳ್ಳುವಷ್ಟರಲ್ಲಿ ಸಕ್ಕರೆ ನೆಲ ಕಚ್ಚಿರಬಹುದು. ಆದರೆ ರಕ್ತ ಸಾದಾ ಟ್ಯೂಬಿನಲ್ಲಿ ಸುಮ್ನೆ ಬಿದ್ದಿದ್ದರೂ ಶುಗರ್ ಇಳಿಯುತ್ತದೆ, ಕಣಗಳು ತಿಂದುಬಿಡುತ್ತವೆ. ಅದಕ್ಕೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬೇ ಬೇಕು ಅಂತ ನರ್ಸ್‌ಗಳ ಹತ್ತಿರ ಹಟ ಹಿಡಿಯುತ್ತೇನೆ. ಬೈಸಿಕೊಂಡದ್ದೂ ಉಂಟು.

ಕ್ರಿಯಾಟಿನಿನ್ 3 ದಾಟಿದರೆ ಕಿಡ್ನಿ ಕೈಕೊಡುತ್ತಿದೆ. ಅಂಗಗಳಿಗೆ ಆಮ್ಲಜನಕ ಸಾಲದಾಗ ಏರುವ ಲ್ಯಾಕ್ಟೇಟ್ 5 ಮುಟ್ಟಿದರೆ, ದೊಡ್ಡವರಲ್ಲಿ ಹಿಮೋಗ್ಲೋಬಿನ್ 7ಕ್ಕೆ ಕುಸಿದರೆ, ಆಗಲೂ ಫೋನೇ.

ಇನ್ನು ಸ್ಲೈಡು. ದಪ್ಪ ಸ್ಮಿಯರ್‌ನಲ್ಲಿ, ಅಂದರೆ ಗಾಜಿನ ಮೇಲೆ ದಪ್ಪಗೆ ಸವರಿದ ರಕ್ತದಲ್ಲಿ, ಮಲೇರಿಯಾ ಇದೆಯಾ ಅಂತ ನೋಡುತ್ತೇನೆ. ತೆಳು ಸ್ಮಿಯರ್‌ನಲ್ಲಿ ಮಲೇರಿಯಾ ಪರಾವಲಂಬಿ ಯಾವ ಬಗೆಯದು, ಫಾಲ್ಸಿಪಾರಮ್ಮೋ ವೈವಾಕ್ಸೋ, ಅಂತ ಗುರುತಿಸಿ, ನೂರು ಕೆಂಪುಕಣಕ್ಕೆ ಎಷ್ಟರಲ್ಲಿ ಪರಾವಲಂಬಿ ಇದೆ ಅಂತ ಎಣಿಸುತ್ತೇನೆ. ಫಾಲ್ಸಿಪಾರಂ ನೂರಕ್ಕೆ 10 ದಾಟಿದರೆ, ರೋಗಿ ಎದ್ದು ಕೂತು ಚಹಾ ಕುಡಿಯುತ್ತಿದ್ದರೂ ಅದು ತೀವ್ರವೇ. ಎಣಿಕೆ ಕಡಿಮೆ ಬಂದಾಗಲೂ ನನಗೆ ಪೂರ್ತಿ ಸಮಾಧಾನ ಇಲ್ಲ. ಬಲಿತ ಪರಾವಲಂಬಿ ಹೊತ್ತ ಕಣಗಳು ಮಿದುಳು, ಕಿಡ್ನಿಯ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡಿರುತ್ತವೆ. ಬೆರಳಿನ ರಕ್ತದಲ್ಲಿ ಹೆಚ್ಚಾಗಿ ಸಿಗೋದು ಉಂಗುರದಂತೆ ಕಾಣುವ ಎಳೆ ಪರಾವಲಂಬಿಗಳು. ಹಾಗಾಗಿ ಬಿಳಿಕಣಗಳನ್ನೂ ಬಿಡದೆ ನೋಡುತ್ತೇನೆ. ನ್ಯೂಟ್ರೋಫಿಲ್ ಅನ್ನುವ ಬಿಳಿಕಣದ ಒಳಗೆ ಪರಾವಲಂಬಿ ಬಿಟ್ಟುಹೋದ ಕಂದು ಬಣ್ಣದ ಚುಕ್ಕೆಗಳು ತುಂಬಿದ್ದರೆ ಪರಾವಲಂಬಿ ಒಳಗೊಳಗೇ ಜೋರಾಗಿ ಬೆಳೆದು ಒಡೆದಿದೆ ಅಂತ ಲೆಕ್ಕ. ಅದನ್ನು ವರದಿಯಲ್ಲಿ ಬರೆಯುತ್ತೇನೆ, ಡಾಕ್ಟರಿಗೆ ಬಾಯಲ್ಲೂ ಹೇಳುತ್ತೇನೆ.

ಮುಂಬೈಯಲ್ಲಿ ವೈವಾಕ್ಸ್ ಜಾಸ್ತಿ. ಅದು ಸೌಮ್ಯ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಅದರಲ್ಲೂ ಶ್ವಾಸಕೋಶ ಕೆಟ್ಟು ಐಸಿಯು ಸೇರುವವರಿದ್ದಾರೆ.

ಗುಣವಾದರು ಅಂದಮೇಲೂ ಒಂದು ತಾಪತ್ರಯ ಉಳಿದಿರುತ್ತದೆ. ತೀವ್ರ ಮಲೇರಿಯಾಕ್ಕೆ ಕೊಡುವ ಆರ್ಟಿಸುನೇಟ್ ಇಂಜೆಕ್ಷನ್ ಪಡೆದ ಕೆಲವರಲ್ಲಿ ಒಂದು ವಾರ ಕಳೆದ ಮೇಲೆ ಕೆಂಪುಕಣ ಒಡೆಯಲು ಶುರುವಾಗುತ್ತದೆ. ಅಷ್ಟೊತ್ತಿಗೆ ಇವರು ಊರಿನ ಬಸ್ಸು ಹತ್ತಿರುತ್ತಾರೆ. ಅದಕ್ಕೇ ವರದಿ ಕೊಡುವಾಗ ಹೇಳಿಬಿಡುತ್ತೇನೆ: "ಅಣ್ಣಾ, ಊರಿಗೆ ಹೋದ ಮ್ಯಾಲೂ ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ತೋರಿಸ್ರಿ. ಮೂತ್ರ ಕಪ್ಪಗೆ ಬಂದ್ರ ಅವತ್ತೇ ದವಾಖಾನಿಗೆ ಹೋಗ್ರಿ."