ಮುಳುಗಿದ ಹಡಗಿಗೆ ತಕ್ಕ ರಮ್: ಮೂರು ಕಥೆ, ಮೂರು ಲೋಟದ ಸಂಜೆಯನ್ನು ಏರ್ಪಡಿಸುವ ಕ್ರಮ

ಸಮುದ್ರದಲ್ಲಿ ಮುಳುಗಿದ ಹಡಗುಗಳ ಚರಿತ್ರೆಯನ್ನೂ ಉಷ್ಣವಲಯದ ರಮ್ ಪಾನೀಯಗಳನ್ನೂ ಒಂದೇ ಸಂಜೆಯಲ್ಲಿ ಜೋಡಿಸಬೇಕೆಂದು ಹೊರಡುವವರು ಸಾಮಾನ್ಯವಾಗಿ ಪಾನೀಯದಿಂದ ಆರಂಭಿಸುತ್ತಾರೆ. ಯಾವುದೋ ಸಿಹಿ ಮಿಶ್ರಣಕ್ಕೆ ನೀಲಿ ಬಣ್ಣ ಸುರಿದು, ಅದಕ್ಕೊಂದು ಕಡಲ್ಗಳ್ಳನ ಹೆಸರಿಟ್ಟು, ಆಮೇಲೆ ಕಥೆಯನ್ನು ಹುಡುಕುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು. ಮೊದಲು ಹಡಗನ್ನು ಆರಿಸಿಕೊಳ್ಳಬೇಕು, ಅದು ಎಲ್ಲಿ, ಯಾವಾಗ, ಏಕೆ ಮುಳುಗಿತು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು, ಅನಂತರ ಆ ಹಡಗಿನ ಸರಕಿಗೋ ನಾವಿಕರ ದಿನಚರಿಗೋ ಅದು ಮುಳುಗಿದ ತೀರಕ್ಕೋ ನಿಜವಾದ ನಂಟುಳ್ಳ ಪಾನೀಯವನ್ನು ಗೊತ್ತುಮಾಡಬೇಕು. ನಂಟು ಸಿಗದಿದ್ದರೆ ಆ ಹಡಗನ್ನು ಕೈಬಿಡುವುದೇ ಲೇಸು.

ಈ ನಿಯಮವನ್ನು ಅನ್ವಯಿಸಿದ ಕೂಡಲೇ ಅತ್ಯಂತ ಪ್ರಸಿದ್ಧವಾದ ಕೆಲವು ಹಡಗುಗಳು ಪಟ್ಟಿಯಿಂದ ಹೊರಬೀಳುತ್ತವೆ. 1609ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನಿಗೆ ಹೊರಟು ಬರ್ಮುಡಾದ ಬಂಡೆಗಳಿಗೆ ಸಿಕ್ಕಿಬಿದ್ದ 'ಸೀ ವೆಂಚರ್' ಆಗಲಿ, 1622ರ ಚಂಡಮಾರುತದಲ್ಲಿ ಫ್ಲಾರಿಡಾದ ಬಳಿ ಬೆಳ್ಳಿಬಂಗಾರದೊಡನೆ ಮುಳುಗಿ 1985ರಲ್ಲಿ ಮೆಲ್ ಫಿಶರ್ ಅವರ ತಂಡಕ್ಕೆ ದೊರೆತ 'ಅತೋಚಾ' ಆಗಲಿ ರಮ್ಮಿನ ಜೊತೆಗೆ ಹೊಂದುವುದಿಲ್ಲ. ಕಾಕಂಬಿಯಿಂದ ಭಟ್ಟಿಯಿಳಿಸಿದ ರಮ್ ಕೆರಿಬಿಯನ್ ದ್ವೀಪಗಳಲ್ಲಿ ಬಳಕೆಗೆ ಬಂದದ್ದು ಹದಿನೇಳನೆಯ ಶತಮಾನದ ನಡುಭಾಗದ ಹೊತ್ತಿಗೆ. ಆದ್ದರಿಂದ ಇಲ್ಲಿ 1794, 1864 ಮತ್ತು 1867ರ ಮೂರು ಅವಘಡಗಳನ್ನು ತೆಗೆದುಕೊಂಡಿದ್ದೇನೆ. ಕಾಲಕ್ರಮದಲ್ಲಿ ಹೇಳಿದರೆ ಪಾನೀಯಗಳೂ ತಾವಾಗಿಯೇ ತೆಳುವಾದದ್ದರಿಂದ ಗಟ್ಟಿಯಾದದ್ದಕ್ಕೆ ಸಾಗುತ್ತವೆ.

ಮೊದಲನೆಯದು ಗ್ರ್ಯಾಂಡ್ ಕೇಮನ್ ದ್ವೀಪದ ಪೂರ್ವ ತುದಿಯದು. 1794ರ ಫೆಬ್ರವರಿಯಲ್ಲಿ ಜಮೈಕಾದಿಂದ ಯೂರೋಪಿನ ಕಡೆಗೆ 58 ವ್ಯಾಪಾರಿ ಹಡಗುಗಳ ಒಂದು ದಂಡು ಹೊರಟಿತ್ತು. ಅವುಗಳ ಒಡಲಲ್ಲಿ ಸಕ್ಕರೆ, ಹತ್ತಿ ಮತ್ತು ರಮ್ ಇದ್ದವು. ಕಾವಲಿಗಿದ್ದದ್ದು ಫ್ರೆಂಚರಿಂದ ಹಿಂದಿನ ವರ್ಷವಷ್ಟೇ ವಶಪಡಿಸಿಕೊಂಡಿದ್ದ 'ಕನ್ವರ್ಟ್' ಎಂಬ ಯುದ್ಧನೌಕೆ, ಅದರ ಕಪ್ತಾನ ಜಾನ್ ಲಾಫರ್ಡ್. ಪ್ರವಾಹದ ಸೆಳೆತದಿಂದಾಗಿ ದಂಡು ತಾನು ಎಣಿಸಿದ್ದಕ್ಕಿಂತ ದ್ವೀಪಕ್ಕೆ ಹತ್ತಿರ ಬಂದಿತ್ತು, ಕೆಲವು ವ್ಯಾಪಾರಿ ಹಡಗುಗಳು ಕಾವಲು ನೌಕೆಯನ್ನೂ ದಾಟಿ ಮುಂದೆ ನುಗ್ಗಿದ್ದವು, ಕತ್ತಲಲ್ಲಿ ಅಪಾಯದ ಗುಂಡು ಕೇಳಿಸುವ ಹೊತ್ತಿಗೆ ಹವಳದ ದಿಬ್ಬ ಎದುರಿಗೇ ಇತ್ತು. ಕನ್ವರ್ಟ್ ಮತ್ತು ಒಂಬತ್ತು ವ್ಯಾಪಾರಿ ಹಡಗುಗಳು ಅಲ್ಲಿ ಒಡೆದವು. ಸತ್ತವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಲಾಫರ್ಡ್ ಸೈನಿಕ ನ್ಯಾಯಾಲಯದಲ್ಲಿ ದೋಷಮುಕ್ತನಾದ. ನಾವಿಕರನ್ನು ಕಾಪಾಡಿದ್ದಕ್ಕೆ ಮೆಚ್ಚಿ ಮೂರನೆಯ ಜಾರ್ಜ್ ದೊರೆ ಕೇಮನ್ ಜನರಿಗೆ ತೆರಿಗೆ ಮನ್ನಾ ಮಾಡಿದನೆಂಬ ಕಥೆ ಇಂದಿಗೂ ಚಲಾವಣೆಯಲ್ಲಿದೆ, ಆದರೆ ಅದಕ್ಕೆ ದಾಖಲೆಯ ಆಧಾರವಿಲ್ಲ. ಅತಿಥಿಗಳಿಗೆ ಈ ಕಥೆಯನ್ನು ಹೇಳಿ, ದಂತಕಥೆಯೆಂಬುದನ್ನೂ ಹೇಳಿ. ಆ ರಮ್ಮೂ ಸಕ್ಕರೆಯೂ ಜಮೈಕಾದ ತೋಟಗಳಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರ ದುಡಿಮೆಯಿಂದ ಬಂದದ್ದೆಂಬ ಮಾತನ್ನು ಬಿಟ್ಟರೆ ಕಥೆ ಅರ್ಧವೇ ಆಗುತ್ತದೆ.

ಇದಕ್ಕೆ ತಕ್ಕದ್ದು ಗ್ರಾಗ್, ಅಂದರೆ ನೀರು ಬೆರೆಸಿದ ರಮ್. ಬ್ರಿಟಿಷ್ ನೌಕಾಪಡೆಯ ನಾವಿಕನಿಗೆ ದಿನಕ್ಕೆ ಅರ್ಧ ಪೈಂಟ್ ರಮ್ ಪಡಿಯಾಗಿ ಸಿಗುತ್ತಿತ್ತು. ಕುಡಿದು ಬೀಳುವವರ ಕಾಟ ತಾಳಲಾರದೆ ವೈಸ್ ಅಡ್ಮಿರಲ್ ಎಡ್ವರ್ಡ್ ವರ್ನನ್ 1740ರ ಆಗಸ್ಟಿನಲ್ಲಿ ಒಂದು ಆಜ್ಞೆ ಹೊರಡಿಸಿ, ಆ ಪಡಿಗೆ ನಾಲ್ಕು ಪಟ್ಟು ನೀರು ಬೆರೆಸಿ ದಿನಕ್ಕೆ ಎರಡು ಬಾರಿ ಹಂಚಬೇಕೆಂದು ವಿಧಿಸಿದ; ನಿಂಬೆಯನ್ನೂ ಸಕ್ಕರೆಯನ್ನೂ ಸೇರಿಸಿಕೊಳ್ಳಲು ನಾವಿಕರಿಗೆ ಅವಕಾಶವಿತ್ತು. ವರ್ನನ್ ಹೇಳಿದ ಪ್ರಮಾಣ ಇಂದಿನ ನಾಲಿಗೆಗೆ ಸಪ್ಪೆ. ಒಂದು ಲೋಟಕ್ಕೆ 30 ಮಿಲಿಲೀಟರ್ ಕಪ್ಪು ರಮ್, 75 ಮಿಲಿಲೀಟರ್ ತಣ್ಣನೆಯ ನೀರು, 15 ಮಿಲಿಲೀಟರ್ ನಿಂಬೆರಸ ಮತ್ತು ಅಷ್ಟೇ ಬೆಲ್ಲದ ಪಾಕ ಸಾಕು. ಪಾಕಕ್ಕೆ ಸಮತೂಕದ ಬೆಲ್ಲ ಮತ್ತು ನೀರನ್ನು ಕರಗುವ ತನಕ ಮಾತ್ರ ಕಾಯಿಸಿ ಸೋಸಬೇಕು; ಎಳೆ ಬರುವಷ್ಟು ಕುದಿಸಿದರೆ ತಣ್ಣೀರಿನಲ್ಲಿ ಬೆರೆಯದೆ ತಳ ಹಿಡಿಯುತ್ತದೆ. ಸೋಡಾ ಹಾಕುವ ಆಸೆಯನ್ನು ಹತ್ತಿಕ್ಕಿಕೊಳ್ಳಿ. ಬೇಕಾದರೆ ಒಂದೆರಡು ತುಂಡು ಐಸ್ ಹಾಕಬಹುದು, ಕನ್ವರ್ಟ್ ಹಡಗಿನ ನಾವಿಕರಿಗೆ ಮಾತ್ರ ಆ ಭಾಗ್ಯವಿರಲಿಲ್ಲ.

ರಮ್ ಯಾವುದು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಕೆರಿಬಿಯನ್ ಬಾಟಲಿಗಳು ಸಿಕ್ಕದಿದ್ದರೂ ಚಿಂತೆಯಿಲ್ಲ. ಗ್ರಾಗಿಗೆ ಓಲ್ಡ್ ಮಾಂಕ್ ಒಗ್ಗುತ್ತದೆ, ಅದರ ವೆನಿಲಾ ಪರಿಮಳ ಬೆಲ್ಲದ ಜೊತೆ ಚೆನ್ನಾಗಿ ಕೂಡುತ್ತದೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯ 'ಟೂ ಇಂಡೀಸ್' ಇನ್ನೂ ಅರ್ಥಪೂರ್ಣವಾದ ಆಯ್ಕೆ, ಏಕೆಂದರೆ ಅದರಲ್ಲಿ ನಮ್ಮ ಬೆಲ್ಲದ ರಮ್ಮಿಗೆ ಕೆರಿಬಿಯನ್ ದ್ವೀಪಗಳ ರಮ್ಮನ್ನು ಬೆರೆಸಿರುತ್ತಾರೆ. ಬಿಳಿ ರಮ್ ಈ ಮೂರಕ್ಕೂ ಸಲ್ಲದು.

ಎರಡನೆಯ ಕಥೆಗೆ ಬರ್ಮುಡಾಕ್ಕೆ ಹೋಗಬೇಕು. ಅದು ಕೆರಿಬಿಯನ್ ಸಮುದ್ರದಲ್ಲಿಲ್ಲ, ಬಹಳ ಉತ್ತರಕ್ಕೆ ಅಟ್ಲಾಂಟಿಕ್ ನಡುವೆ ಇದೆ. ಆದ್ದರಿಂದ ಗೋಡೆಯ ಮೇಲೊಂದು ಭೂಪಟ ತೂಗುಹಾಕಿದ್ದರೆ ಅನುಕೂಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ, ಬರ್ಮುಡಾದ ಸೇಂಟ್ ಜಾರ್ಜ್ ಬಂದರು ದಿಗ್ಬಂಧನವನ್ನು ತಪ್ಪಿಸಿ ಸರಕು ಸಾಗಿಸುವ ವೇಗದ ಹಡಗುಗಳ ನೆಲೆಯಾಗಿತ್ತು. ಅಂಥ ಹಡಗುಗಳಲ್ಲೊಂದಾದ 'ಮೇರಿ ಸೆಲೆಸ್ಟಿಯಾ' 1864ರ ಸೆಪ್ಟೆಂಬರಿನಲ್ಲಿ ದ್ವೀಪದ ದಕ್ಷಿಣ ತೀರದ ಬಂಡೆಗೆ ಬಡಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಸತ್ತದ್ದು ಅಡುಗೆಯವನೊಬ್ಬನೇ. ಸಿಬ್ಬಂದಿಯಿಲ್ಲದೆ ತೇಲುತ್ತಿದ್ದ ಇನ್ನೊಂದು ಪ್ರಸಿದ್ಧ ಹಡಗು 'ಮೇರಿ ಸೆಲೆಸ್ಟ್' ಬೇರೆ. ಯಾರಾದರೊಬ್ಬ ಅತಿಥಿ ಇವೆರಡನ್ನೂ ಕಲಸಿಯೇ ಕಲಸುತ್ತಾರೆ, ಉತ್ತರ ಸಿದ್ಧವಾಗಿರಲಿ. ಈ ಕಥೆಯ ಅತ್ಯುತ್ತಮ ಭಾಗ ಬಹಳ ಈಚಿನದು. ಚಳಿಗಾಲದ ಬಿರುಗಾಳಿ ಮರಳನ್ನು ಸರಿಸಿದ ಮೇಲೆ 2011ರಲ್ಲಿ ಹಡಗಿನ ಮುಂಭಾಗದಲ್ಲಿ ಮುಚ್ಚಳ ಬಿಗಿಯಾಗಿದ್ದ ವೈನ್ ಬಾಟಲಿಗಳೂ ಲಂಡನ್ನಿನ ಪೀಸ್ ಆಂಡ್ ಲ್ಯೂಬಿನ್ ಅಂಗಡಿಯ ಸುಗಂಧದ ಸೀಸೆಗಳೂ ದೊರೆತವು. 2015ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ ತಜ್ಞರು ಒಂದು ಬಾಟಲಿಯನ್ನು ತೆರೆದು ರುಚಿ ನೋಡಿದರು. ಒಂದೂವರೆ ಶತಮಾನ ಸಮುದ್ರದಡಿಯಲ್ಲಿದ್ದ ಆ ವೈನಿನಲ್ಲಿ ಮುಖ್ಯವಾಗಿ ಉಪ್ಪುನೀರು, ವಿನೆಗರ್ ಮತ್ತು ಪೆಟ್ರೋಲಿನ ವಾಸನೆಗಳು ಅವರಿಗೆ ತಿಳಿದುಬಂದವು.

ಬರ್ಮುಡಾದ ಪಾನೀಯ 'ಡಾರ್ಕ್ ಆಂಡ್ ಸ್ಟಾರ್ಮಿ': ಕಪ್ಪು ರಮ್ ಮತ್ತು ಜಿಂಜರ್ ಬಿಯರ್ ಎಂಬ ಖಾರದ ಶುಂಠಿ ಪಾನೀಯ. ಅದಕ್ಕೆ ಬಳಸುವ ಗಾಸ್ಲಿಂಗ್ ಮನೆತನದ ರಮ್ಮಿಗೂ ಸಮುದ್ರಯಾನದ ಹಿನ್ನೆಲೆಯಿದೆ. 1806ರಲ್ಲಿ ಜೇಮ್ಸ್ ಗಾಸ್ಲಿಂಗ್ ಎಂಬಾತ ಮದ್ಯದ ಸರಕಿನೊಡನೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊರಟಾಗ ಗಾಳಿಯೇ ಬೀಸದೆ ಮೂರು ತಿಂಗಳು ಕಳೆದು, ಹಡಗಿನ ಬಾಡಿಗೆಯ ಅವಧಿ ಮುಗಿದು, ಬರ್ಮುಡಾದಲ್ಲಿ ಇಳಿಯಬೇಕಾಯಿತು. ಬಹುಕಾಲ ಪೀಪಾಯಿಯಿಂದಲೇ ಮಾರುತ್ತಿದ್ದ ಈ ರಮ್ಮನ್ನು ಮುಂದೆ ಬ್ರಿಟಿಷ್ ಅಧಿಕಾರಿಗಳು ಕುಡಿದು ಬಿಟ್ಟ ಶಾಂಪೇನ್ ಬಾಟಲಿಗಳಲ್ಲಿ ತುಂಬಿ ಕಪ್ಪು ಅರಗಿನ ಮುದ್ರೆ ಹಾಕಿ ಮಾರತೊಡಗಿದರು.

ಈ ಪಾನೀಯದ ಗೆಲುವು ಸೋಲು ಶುಂಠಿಯಲ್ಲಿದೆ. ಅಂಗಡಿಯ ಜಿಂಜರ್ ಏಲ್ ಖಾರವಿಲ್ಲದ ಸಿಹಿನೀರು, ಅದನ್ನು ಕೊಳ್ಳಬೇಡಿ. 100 ಗ್ರಾಂ ಬಲಿತ ಹಸಿಶುಂಠಿಯನ್ನು ತುರಿದು, ಅರ್ಧ ಲೋಟ ನೀರು ಚಿಮುಕಿಸಿ ಬಟ್ಟೆಯಲ್ಲಿ ಹಿಂಡಿ, ಆ ರಸವನ್ನು ಅರ್ಧ ಗಂಟೆ ಅಲುಗಿಸದೆ ಇಡಿ. ತಳದಲ್ಲಿ ಬಿಳಿಯ ಪಿಷ್ಟ ಕೂರುತ್ತದೆ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಇದಕ್ಕೆ 120 ಗ್ರಾಂ ಸಕ್ಕರೆಯನ್ನು 100 ಮಿಲಿಲೀಟರ್ ಬಿಸಿನೀರಿನಲ್ಲಿ ಕರಗಿಸಿ ಆರಿಸಿದ್ದನ್ನೂ ಎರಡು ನಿಂಬೆಹಣ್ಣಿನ ರಸವನ್ನೂ ಸೇರಿಸಿದರೆ ಆರೇಳು ಲೋಟಕ್ಕಾಗುವ ಶುಂಠಿ ಪಾಕ ಸಿದ್ಧ. ಎತ್ತರದ ಗಾಜಿನ ಲೋಟದ ತುಂಬ ಐಸ್ ಹಾಕಿ, 40 ಮಿಲಿಲೀಟರ್ ಪಾಕ ಮತ್ತು 90 ಮಿಲಿಲೀಟರ್ ತಣ್ಣನೆಯ ಸೋಡಾವನ್ನು ಮೆಲ್ಲನೆ ಕಲಸಿ, ಕೊನೆಯಲ್ಲಿ 45 ಮಿಲಿಲೀಟರ್ ರಮ್ಮನ್ನು ಚಮಚದ ಬೆನ್ನಿನ ಮೇಲೆ ನಿಧಾನವಾಗಿ ಇಳಿಬಿಡಿ. ಸಕ್ಕರೆ ಕರಗಿದ ದ್ರವ ಭಾರ, ರಮ್ ಹಗುರ. ಹಾಗಾಗಿ ಕಪ್ಪು ಪದರ ಮೋಡದಂತೆ ಮೇಲೆಯೇ ನಿಲ್ಲುತ್ತದೆ. ರಮ್ಮನ್ನು ಮೊದಲು ಸುರಿದರೆ ಈ ನೋಟ ಸಿಗುವುದಿಲ್ಲ.

ಮೂರನೆಯದನ್ನು ಹೇಳುವಾಗ ಕೈಯಲ್ಲಿ ಲೋಟ ಬೇಡ. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ 1867ರ ಅಕ್ಟೋಬರ್ 29ರಂದು ಮುಳುಗಿದ ಅಂಚೆ ಹಡಗು 'ರೋನ್' ಸುಮಾರು 120 ಜನರನ್ನು ಬಲಿ ತೆಗೆದುಕೊಂಡಿತು. ಎರಡು ವರ್ಷವಷ್ಟೇ ಹಳೆಯದಾಗಿದ್ದ ಈ ಹಬೆಹಡಗು ಪೀಟರ್ ದ್ವೀಪದ ಬಳಿ ಲಂಗರು ಹಾಕಿದ್ದಾಗ ಚಂಡಮಾರುತ ಎರಗಿತು. ಮಾರುತದ ಕಣ್ಣು ಮೇಲೆ ಹಾದಾಗ ದೊರೆತ ಬಿಡುವಿನಲ್ಲಿ, ಜೊತೆಯಲ್ಲಿದ್ದ 'ಕಾನ್ವೇ' ಹಡಗಿನ ಪ್ರಯಾಣಿಕರನ್ನೂ ಹೆಚ್ಚು ಭದ್ರವೆಂದು ರೋನಿಗೇ ಹತ್ತಿಸಿಕೊಂಡರು. ಲಂಗರು ಸಿಕ್ಕಿಹಾಕಿಕೊಂಡಿತು, ಅದನ್ನು ಬಿಟ್ಟೇ ಕಪ್ತಾನ ರಾಬರ್ಟ್ ವುಲಿ ತೆರೆದ ಕಡಲಿನತ್ತ ಧಾವಿಸಿದ. ಸಾಲ್ಟ್ ದ್ವೀಪದ ಮೂಲೆಯನ್ನು ದಾಟುವಷ್ಟರಲ್ಲಿ ಗಾಳಿ ಎದುರು ದಿಕ್ಕಿನಿಂದ ತಿರುಗಿ ಬೀಸಿ ಹಡಗನ್ನು ಬ್ಲಾಕ್ ರಾಕ್ ಎಂಬ ಬಂಡೆಗೆ ಅಪ್ಪಳಿಸಿತು. ಕಾದ ಬಾಯ್ಲರುಗಳಿಗೆ ತಣ್ಣನೆಯ ಸಮುದ್ರದ ನೀರು ನುಗ್ಗಿ ಅವು ಸಿಡಿದವು, ಹಡಗು ಎರಡು ತುಂಡಾಯಿತು. ಪ್ರಯಾಣಿಕರು ಉರುಳಿ ಪೆಟ್ಟು ಮಾಡಿಕೊಳ್ಳದಿರಲೆಂದು ಅವರನ್ನು ಹಾಸಿಗೆಗಳಿಗೆ ಕಟ್ಟಿದ್ದರೆಂದು ಹೇಳುತ್ತಾರೆ. ಇಲ್ಲಿ ತಮಾಷೆಯ ಹೆಸರು, ಬಾವುಟ, ಜೈಕಾರ ಯಾವುದೂ ಸಲ್ಲದು. ಐದು ನಿಮಿಷ ಮಾತಾಡಲು ಬಿಟ್ಟು ಆಮೇಲೆ ಲೋಟಗಳನ್ನು ತನ್ನಿ.

ಪಾನೀಯ 'ಪೇನ್‌ಕಿಲ್ಲರ್', ಅದೇ ದ್ವೀಪಸಮೂಹದ ಯೋಸ್ಟ್ ವಾನ್ ಡೈಕಿನ ಸಾಗಿ ಡಾಲರ್ ಬಾರಿನಲ್ಲಿ 1970ರ ದಶಕದಲ್ಲಿ ಹುಟ್ಟಿದ್ದು. ಅಲ್ಲಿ ದೋಣಿಕಟ್ಟೆ ಇರಲಿಲ್ಲವಾದ್ದರಿಂದ ಗಿರಾಕಿಗಳು ಈಜಿ ಬಂದು ನೆನೆದ ನೋಟುಗಳನ್ನೇ ಕೊಡುತ್ತಿದ್ದರು. ಬ್ರಿಟಿಷ್ ನೌಕಾಪಡೆ ರಮ್ಮಿನ ಪಡಿಯನ್ನು 1970ರ ಜುಲೈ 31ರಂದು ನಿಲ್ಲಿಸಿದ ಸುಮಾರು ಹತ್ತು ವರ್ಷಗಳ ಬಳಿಕ, ಚಾರ್ಲ್ಸ್ ಟೋಬಯಸ್ ಎಂಬುವರು ಅದೇ ಮಿಶ್ರಣದ ಹಕ್ಕನ್ನು ಪಡೆದು ಈ ದ್ವೀಪಗಳಲ್ಲಿ 'ಪಸ್ಸರ್ಸ್' ರಮ್ಮನ್ನು ಹೊರತಂದರು. ಗ್ರಾಗಿನಿಂದ ಹೊರಟ ಎಳೆ ಇಲ್ಲಿಗೆ ಬಂದು ಸೇರುತ್ತದೆ. ಪ್ರಮಾಣ ಹೀಗೆ: ಎರಡು ಭಾಗ ರಮ್, ನಾಲ್ಕು ಭಾಗ ಅನಾನಸ್ ರಸ, ಒಂದು ಭಾಗ ಕಿತ್ತಳೆ ರಸ, ಒಂದು ಭಾಗ ಸಿಹಿ ತೆಂಗಿನ ಕ್ರೀಮ್. 45 ಮಿಲಿಲೀಟರ್ ರಮ್ಮಿಗೆ 90 ಮಿಲಿಲೀಟರ್ ಅನಾನಸ್ ಎಂದಾಗುತ್ತದೆ. ಕ್ರೀಮಿನ ಡಬ್ಬಿಯನ್ನು ಕೊಳ್ಳುವ ಅಗತ್ಯ ನಮಗಿಲ್ಲ: ತೆಂಗಿನಕಾಯಿಯ ಮೊದಲ ಹಿಂಡಿನ ಗಟ್ಟಿ ಹಾಲು 200 ಮಿಲಿಲೀಟರ್, ಸಕ್ಕರೆ 150 ಗ್ರಾಂ ಮತ್ತು ಚಿಟಿಕೆ ಉಪ್ಪನ್ನು ಸಣ್ಣ ಉರಿಯಲ್ಲಿ ಕುದಿ ಬರದಂತೆ ಕರಗಿಸಿದರೆ ಆಯಿತು, ಕುದಿದರೆ ಹಾಲು ಒಡೆಯುತ್ತದೆ. ಎಲ್ಲವನ್ನೂ ಐಸಿನೊಡನೆ ಬಿಗಿಯಾದ ಡಬ್ಬಿಯಲ್ಲಿ ಕುಲುಕಿ ಸುರಿದು, ಮೇಲೆ ಜಾಯಿಕಾಯಿಯನ್ನು ಆಗಲೇ ತೇಯ್ದು ಉದುರಿಸಿ. ಪುಡಿ ಮಾಡಿಟ್ಟ ಜಾಯಿಕಾಯಿಗೆ ಆ ಘಮ ಉಳಿದಿರುವುದಿಲ್ಲ.

ಒಟ್ಟು ರಮ್ ತಲೆಗೆ 120 ಮಿಲಿಲೀಟರ್, ಅಂದರೆ ಎರಡು ದೊಡ್ಡ ಪೆಗ್. ಸಂಜೆಯನ್ನು ಮೂರು ಗಂಟೆಗಳಿಗೆ ಹರಡಿ, ನಡುವೆ ಹುರಿದ ಮೀನು, ಕಡಲೆಬೀಜ, ಸಾಕಷ್ಟು ನೀರು ಇರಲಿ. ಗಾಡಿ ಓಡಿಸುವವರಿಗೂ ಕುಡಿಯದವರಿಗೂ ರಮ್ಮಿನ ಬದಲು ಗಟ್ಟಿ ಕಪ್ಪು ಚಹಾ ಹಾಕಿಕೊಡಿ, ಶುಂಠಿಯ ಪಾನೀಯಕ್ಕೆ ಅದು ತುಂಬ ಚೆನ್ನಾಗಿ ಕೂಡುತ್ತದೆ. ಶುಂಠಿ ಪಾಕವನ್ನೂ ತೆಂಗಿನ ಕ್ರೀಮನ್ನೂ ಹಿಂದಿನ ದಿನವೇ ಮಾಡಿಡಬಹುದು, ಆದರೆ ಫ್ರಿಜ್ಜಿನಲ್ಲಿ ಕ್ರೀಮ್ ಗಟ್ಟಿಯಾಗುವುದರಿಂದ ಎರಡನೆಯ ಕಥೆ ಶುರುವಾಗುವಾಗಲೇ ಅದನ್ನು ಹೊರಗೆ ತೆಗೆದಿಡಬೇಕು.