ಮೊದಲು ಅಜ್ಜಿಯನ್ನು ಕೇಳಿ, ಆಮೇಲೆ ಮಗನನ್ನು

ವಯಸ್ಸಾದ ರೋಗಿಯ ಪಕ್ಕದಲ್ಲಿ ಮಗನೋ ಮಗಳೋ ನಿಂತಿದ್ದರೆ ಎಲ್ಲರೂ ಅವರ ಹತ್ತಿರವೇ ಮಾತಾಡುತ್ತಾರೆ. ನಾನು ನರ್ಸ್, ನನ್ನ ಡ್ಯೂಟಿಯಲ್ಲಿ ಮೊದಲು ರೋಗಿ, ಆಮೇಲೆ ಮನೆಯವರು. ರೋಗಿ ವಿಷಯ ಅರ್ಥ ಮಾಡಿಕೊಂಡು ನಿರ್ಧರಿಸಬಲ್ಲವರಾದರೆ ಚಿಕಿತ್ಸೆಗೆ ಒಪ್ಪಿಗೆ ಅವರದ್ದೇ. ವಯಸ್ಸು 85 ಆಯಿತು ಅಂತ ಬೇಡ ಅನ್ನುವ ಹಕ್ಕು ಹೋಗುವುದಿಲ್ಲ.

ಒಬ್ಬ ಅಜ್ಜಿಗೆ ಮೂಗಿನ ಮೂಲಕ ಟ್ಯೂಬ್ ಹಾಕಬೇಕಿತ್ತು. "ಅಮ್ಮನಿಗೇನು ಗೊತ್ತಾಗುತ್ತೆ ಸಿಸ್ಟರ್, ನಾನು ಸಹಿ ಹಾಕ್ತೀನಿ" ಅಂದರು ಮಗ. ಅಜ್ಜಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ನೋಡಿದರೆ ಕಿವಿಯ ಮೆಷಿನ್ ಡ್ರಾಯರ್‌ನಲ್ಲಿತ್ತು! ಅದನ್ನು ಹಾಕಿ, ಕನ್ನಡಕ ಒರೆಸಿ ಕೊಟ್ಟು, ಇನ್ನೊಮ್ಮೆ ನಿಧಾನವಾಗಿ ಹೇಳಿದೆ. "ಈಗ ನಾನು ಹೇಳಿದ್ದನ್ನ ನಿಮ್ಮ ಮಾತಲ್ಲಿ ಹೇಳಿ ಅಜ್ಜಿ" ಅಂದೆ. ಸರಿಯಾಗಿ ಹೇಳಿದರು, ಟ್ಯೂಬ್ ಬೇಡ ಅಂತಲೂ ಹೇಳಿದರು. ಆ ಮಾತನ್ನು ಹಾಗೇ ಬರೆದು ಡಾಕ್ಟರನ್ನು ಕರೆದೆ. ಮುಂದಿನ ಮಾತುಕತೆ ಅಜ್ಜಿಯನ್ನೂ ಸೇರಿಸಿಕೊಂಡೇ ನಡೆಯಿತು.

ಮರೆವಿನ ಕಾಯಿಲೆ ಇದ್ದವರು ನಿರ್ಧರಿಸಬಲ್ಲರಾ ಅಂತ ಒಂದೊಂದು ವಿಷಯಕ್ಕೂ ಬೇರೆಯಾಗಿಯೇ ನೋಡಬೇಕು. ಸ್ನಾನ ಯಾವಾಗ ಅಂತ ಹೇಳಬಲ್ಲವರಿಗೆ ಆಪರೇಷನ್ನಿನ ಅಪಾಯ ತಿಳಿಯದೇ ಇರಬಹುದು. ಸಂಜೆ ಗೊಂದಲದಲ್ಲಿದ್ದವರು ಬೆಳಿಗ್ಗೆ ಸ್ಪಷ್ಟವಾಗಿರಬಹುದು. ತುರ್ತಿಲ್ಲದಿದ್ದರೆ ನಾನು ಬೆಳಿಗ್ಗೆವರೆಗೆ ಕಾಯುತ್ತೇನೆ. ಗೊಂದಲ ದಿಢೀರ್ ಶುರುವಾಗಿದ್ದರೆ ಮಾತ್ರ ಕಾಯುವ ಮಾತೇ ಇಲ್ಲ. ಸೋಂಕೋ ಔಷಧಿಯ ಪರಿಣಾಮವೋ ಇರಬಹುದು, ತಕ್ಷಣ ಡಾಕ್ಟರಿಗೆ ತಿಳಿಸಬೇಕು.

ರೋಗಿಯ ಕೈಯನ್ನು ಮಂಚಕ್ಕೆ ಕಟ್ಟುವ ವಿಷಯ ಬಂದರೆ ಬೇಡ ಅಂತ ನಾನು ಸ್ವಲ್ಪ ಜಾಸ್ತಿಯೇ ಹಟ ಮಾಡುತ್ತೇನೆ. ಡ್ರಿಪ್ ಕೀಳುತ್ತಿದ್ದಾರೆ ಅಂದರೆ ನೋವಿದೆಯಾ, ಮೂತ್ರ ಕಟ್ಟಿದೆಯಾ, ಆ ಡ್ರಿಪ್ ಇನ್ನೂ ಬೇಕಾ ಅಂತ ಮೊದಲು ನೋಡಬೇಕು, ಅಲ್ವಾ? ಇಳಿಯದಂತೆ ತಡೆಯಲು ಮಂಚದ ಎರಡೂ ಕಡೆ ಕಂಬಿ ಎತ್ತಿಡುವುದೂ ಒಂದು ಥರ ಕಟ್ಟಿಹಾಕಿದಂತೆಯೇ. ಅದನ್ನು ಹತ್ತಿ ದಾಟಲು ಹೋದವರು ಇನ್ನೂ ಎತ್ತರದಿಂದ ಬೀಳುತ್ತಾರೆ. ಮಂಚವನ್ನು ಆದಷ್ಟು ತಗ್ಗಿಸಿಡುವುದು ವಾಸಿ.

ನೋಟ್ಸ್‌ನಲ್ಲಿ "ರೋಗಿ ಸಹಕರಿಸಲಿಲ್ಲ" ಅಂತ ಸುಮ್ನೆ ಗೀಚಬೇಡಿ. "8 ಗಂಟೆಗೆ ಮಾತ್ರೆ ಕೊಟ್ಟಾಗ ಹೊಟ್ಟೆ ತೊಳಸುತ್ತೆ, ಬೇಡ ಎಂದರು, 8.10ಕ್ಕೆ ಡಾಕ್ಟರಿಗೆ ತಿಳಿಸಿದೆ" ಅಂತ ಬರೆಯಿರಿ. ಮಲಗಿಯೇ ಇದ್ದು ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಆದ ಹುಣ್ಣುಗಳ ಅಳತೆಯನ್ನು ದಾಖಲಾದ ದಿನವೇ ಬರೆದಿಡಿ. ಆಮೇಲೆ ಯಾರ ಕೈಯಲ್ಲಿ ಆಯಿತು ಅನ್ನುವ ಜಗಳ ಇರುವುದಿಲ್ಲ.

ತೋಳಿನ ಮೇಲೆ ಬೆರಳಿನ ಗುರುತಿನಂತೆ ಕಂದಿದ ಕಲೆ ಕಂಡರೆ, ಯಾರಾದರೂ ನೋಯಿಸಿರಬಹುದು ಅಂತ, ಮನೆಯವರನ್ನು ಹೊರಗೆ ಕಳಿಸಿಯೇ ರೋಗಿಯನ್ನು ಕೇಳುತ್ತೇನೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡುವುದಿಲ್ಲ. ವಿಚಾರಣೆ ನಡೆಸುವುದೂ ನನ್ನ ಕೆಲಸವಲ್ಲ. ಕಂಡದ್ದು, ಕೇಳಿದ್ದು ಬರೆದು ಅದೇ ಶಿಫ್ಟ್‌ನಲ್ಲಿ ಇನ್‌ಚಾರ್ಜ್‌ಗೆ ಮುಟ್ಟಿಸುತ್ತೇನೆ.