ಲೆಕ್ಕ ಮೊದಲು, ಪಾಠ ಆಮೇಲೆ: ಅರ್ಥಶಾಸ್ತ್ರ ಪದವಿ ಓದಿದ ನನ್ನ ಅನುಭವ

ಪದವಿಯ ಕೊನೆಯ ವರ್ಷ ನನಗೆ ಮೈಕ್ರೋ (ಕೊಳ್ಳುವವರು, ಮಾರುವವರ ನಿರ್ಧಾರಗಳ ಅರ್ಥಶಾಸ್ತ್ರ) ಮತ್ತು ಎಕನಾಮೆಟ್ರಿಕ್ಸ್ (ಅಂಕಿಅಂಶದಿಂದ ಆರ್ಥಿಕ ಸಂಬಂಧ ಅಳೆಯುವ ವಿದ್ಯೆ) ಎರಡರಲ್ಲೂ ಎಂಬತ್ತರ ಮೇಲೆ ಅಂಕ ಬಂತು. ಮೊದಲ ಸೆಮಿಸ್ಟರಿನಲ್ಲಿ ಐವತ್ತರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದೆ. ನಡುವೆ ಬದಲಾದದ್ದು ಒಂದೇ. ಪಾಠ ಓದಿ ಲೆಕ್ಕಕ್ಕೆ ಹೋಗುವುದನ್ನು ಬಿಟ್ಟು, ಅಧ್ಯಾಯದ ಕೊನೆಯ ಲೆಕ್ಕಗಳಿಂದ ಶುರು ಮಾಡಿದೆ. "ಹಾಗೆ ಓದಿದರೆ ಪೋರ್ಷನ್ ಮುಗಿಯಲ್ಲ" ಎಂದರು ಮೇಷ್ಟ್ರು. "ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡು, ಸಾಕು" ಎಂದರು ಸೀನಿಯರ್‌ಗಳು. ಅವರಲ್ಲೇ ಇಬ್ಬರು ಆಮೇಲೆ ನನ್ನ ನೋಟ್ಸ್ ಕೇಳಿಕೊಂಡು ಬಂದರು. ಕೊಟ್ಟೆ, ಪೂರ್ತಿ ಕೊಡಲಿಲ್ಲ.

ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ಟ್ಯೂಷನ್‌ಗೆ ಸೇರಿದ್ದೆ. ಫೀಸು ಹೆಚ್ಚೂಕಡಿಮೆ ಸೆಮಿಸ್ಟರ್ ಫೀಸಿನ ಅರ್ಧದಷ್ಟು. ಅಲ್ಲಿ ಹೇಳಿಕೊಟ್ಟದ್ದು ಯಾವ ಪ್ರಶ್ನೆ ಬರಬಹುದು ಎಂಬುದನ್ನು ಮಾತ್ರ. ಎರಡು ತಿಂಗಳಿಗೆ ಬಿಟ್ಟೆ, ಹಣ ವಾಪಸ್ ಬರಲಿಲ್ಲ. ಆಮೇಲೆ ಮೈಕ್ರೋ ಪುಸ್ತಕದ ಹೊಸ ಆವೃತ್ತಿ ಕೊಂಡೆ. ಗೆಳೆಯನ ಹತ್ತಿರ ಎರಡು ಆವೃತ್ತಿ ಹಿಂದಿನದು ಇತ್ತು, ಸೆಕೆಂಡ್ ಹ್ಯಾಂಡ್, ನಾನು ಕೊಟ್ಟದ್ದರ ಆರನೇ ಒಂದು ಭಾಗಕ್ಕೆ ಸಿಕ್ಕಿದ್ದು. ಪಕ್ಕಪಕ್ಕ ಇಟ್ಟು ನೋಡಿದರೆ ಸಿದ್ಧಾಂತದ ಭಾಗ ಬಹುಪಾಲು ಅದೇ. ಬದಲಾದದ್ದು ಲೆಕ್ಕಗಳ ನಂಬರು ಮತ್ತು ಬಾಕ್ಸ್‌ಗಳಲ್ಲಿನ ಉದಾಹರಣೆ. ಆಮೇಲೆ ಹೊಸ ಪುಸ್ತಕ ಕೊಳ್ಳಲೇ ಇಲ್ಲ. ಅಂಕಿಅಂಶದ ಸಾಫ್ಟ್‌ವೇರ್ ಕಥೆಯೂ ಅದೇ. ಒಂದು ವರ್ಷದ ವಿದ್ಯಾರ್ಥಿ ಲೈಸೆನ್ಸ್‌ಗೆ ದುಡ್ಡು ಸುರಿದೆ. ಅದು ಮುಗಿದ ಮೇಲೆ ಗ್ರೆಟ್ಲ್ ಮತ್ತು ಆರ್‌ಗೆ ಬಂದೆ. ಎರಡೂ ಉಚಿತ. ಪದವಿ ಮಟ್ಟದಲ್ಲಿ ಅವುಗಳಿಂದ ಆಗದ ಕೆಲಸ ನನಗೆ ಒಂದೂ ಸಿಗಲಿಲ್ಲ.

ದುಡ್ಡಿಲ್ಲದೆ ಸೋತವೂ ಇವೆ. ವಿಡಿಯೋ ಪಾಠವನ್ನು ಡಬಲ್ ಸ್ಪೀಡಿನಲ್ಲಿ ನೋಡುವುದು, ಬಣ್ಣಬಣ್ಣದ ಗೆರೆ ಎಳೆಯುವುದು, ಗ್ರೂಪ್ ಸ್ಟಡಿ. ಗ್ರೂಪ್ ಸ್ಟಡಿ ಅರ್ಧ ಗಂಟೆಯಲ್ಲಿ ಏನಾಗುತ್ತೆ ಅಂತ ನಿಮಗೂ ಗೊತ್ತು, ಅಲ್ವಾ? ಒಂದು ರಜೆ ಪೂರ್ತಿ ಬರೀ ಕ್ಯಾಲ್ಕುಲಸ್ ಮಾಡಿದೆ. ಗಣಿತ ಗಟ್ಟಿಯಾದರೆ ಉಳಿದದ್ದು ಸಲೀಸು ಅಂತ ಯಾರೋ ಹೇಳಿದ್ದರು. ರಜೆ ಮುಗಿದು ಲಗ್ರಾಂಜ್ ವಿಧಾನ (ಮಿತಿಯೊಳಗೆ ಗರಿಷ್ಠ ಹುಡುಕುವ ಲೆಕ್ಕ) ಬಂದಾಗ ಎಲ್ಲಾ ಮರೆತಿತ್ತು. ಬಳಸುವ ಜಾಗ ಗೊತ್ತಿಲ್ಲದೆ ಕಲಿತ ಗಣಿತ ನನ್ನಲ್ಲಿ ನಿಲ್ಲಲಿಲ್ಲ.

ಈಗ ನನ್ನ ದಾರಿ. ಅಧ್ಯಾಯ ತೆರೆಯದೆ ಅದರ ಕೊನೆಯ ಲೆಕ್ಕಕ್ಕೆ ಕೈ ಹಾಕುತ್ತೇನೆ. ಸಿಕ್ಕಿಹಾಕಿಕೊಳ್ಳುತ್ತೇನೆ, ಅದು ಖಂಡಿತ. ಎಲ್ಲಿ ಅಂತ ಒಂದು ಸಾಲು ಬರೆದುಕೊಂಡು, ಆ ಸಾಲಿಗೆ ಉತ್ತರ ಇರುವ ಪುಟ ಮಾತ್ರ ಓದುತ್ತೇನೆ. ಪುಸ್ತಕ ಮುಚ್ಚಿ ಮತ್ತೆ ಬಿಡಿಸುತ್ತೇನೆ. ಪ್ರತಿ ಉತ್ತರವನ್ನೂ ಚಿತ್ರದಲ್ಲಿ, ಸಮೀಕರಣದಲ್ಲಿ ಮತ್ತು ನಾಲ್ಕು ಸಾಲು ಮಾತಿನಲ್ಲಿ ಬರೆಯುತ್ತೇನೆ. ಮೂರೂ ಒಂದಕ್ಕೊಂದು ಹೊಂದದಿದ್ದರೆ ಮುಂದೆ ಹೋಗಲ್ಲ.

ಒಂದು ಉದಾಹರಣೆ. ಬೆಲೆ ಏರಿದಾಗ ಕೊಳ್ಳುವುದು ಇಳಿಯುವುದರಲ್ಲಿ ಎರಡು ಭಾಗ: ಬೇರೆ ಸರಕಿಗೆ ತಿರುಗುವುದು ಬದಲಿ ಪರಿಣಾಮ, ಕೈಯಲ್ಲಿನ ದುಡ್ಡಿನ ಬೆಲೆ ಕುಗ್ಗಿದ್ದರಿಂದ ಆಗುವುದು ಆದಾಯ ಪರಿಣಾಮ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಸಂಖ್ಯೆ ಕೊಟ್ಟರೆ ಅರ್ಧ ಕ್ಲಾಸು ನಿಲ್ಲುತ್ತದೆ. ಎಕ್ಸ್, ವೈ ಎರಡು ಸರಕು. ತೃಪ್ತಿ ಎಂದರೆ ಎಕ್ಸ್ ಗುಣಿಸು ವೈ, ಅದರ ವರ್ಗಮೂಲ. ಆದಾಯ 100, ಎರಡರ ಬೆಲೆಯೂ 1. ಕೊಳ್ಳುವುದು 50, 50. ಎಕ್ಸ್ ಬೆಲೆ 4 ಆಯಿತು. ಈಗ ಎಕ್ಸ್ 12.5. ಒಟ್ಟು ಇಳಿಕೆ 37.5, ಇಲ್ಲಿಯವರೆಗೆ ಜಗಳವಿಲ್ಲ. ಆ ಇಳಿಕೆಯನ್ನು ಒಡೆಯಲು ಎರಡು ರೀತಿ ಇವೆ, ಅರ್ಥಶಾಸ್ತ್ರಜ್ಞರಾದ ಹಿಕ್ಸ್ ಮತ್ತು ಸ್ಲಟ್ಸ್ಕಿ ಅವರವು. ಹಿಕ್ಸ್ ಲೆಕ್ಕದಲ್ಲಿ ಹಳೇ ತೃಪ್ತಿ ಉಳಿಯಲು ಆದಾಯ 200 ಬೇಕು. ಆಗ ಎಕ್ಸ್ 25. ಅಂದರೆ ಬದಲಿ ಪರಿಣಾಮ 25, ಆದಾಯ ಪರಿಣಾಮ 12.5. ಸ್ಲಟ್ಸ್ಕಿ ಲೆಕ್ಕದಲ್ಲಿ ಹಳೇ ಬುಟ್ಟಿಯನ್ನೇ ಕೊಳ್ಳುವಷ್ಟು ಆದಾಯ ಬೇಕು, ಅದು 250. ಆಗ ಎಕ್ಸ್ 31.25. ಎರಡು ಪರಿಣಾಮವೂ 18.75. ಒಂದೇ ಪ್ರಶ್ನೆಗೆ ಎರಡು ಉತ್ತರ, ಎರಡೂ ಸರಿ! ಚಿತ್ರ ಮಾತ್ರ ಬರೆದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ. ಬೆಲೆಯನ್ನು 1ರಿಂದ 1.01 ಮಾಡಿ ನೋಡಿ, ಹಿಕ್ಸ್, ಸ್ಲಟ್ಸ್ಕಿ ಉತ್ತರಗಳೆರಡೂ ಹೆಚ್ಚೂಕಡಿಮೆ ಒಂದಾಗುತ್ತವೆ. ಲ್ಯಾಂಬ್ಡಾ (ಆದಾಯ ಒಂದು ಹೆಚ್ಚಿದರೆ ತೃಪ್ತಿ ಎಷ್ಟು ಹೆಚ್ಚುತ್ತದೆ ಅಂತ ಹೇಳುವ, ಲಗ್ರಾಂಜ್ ವಿಧಾನದಲ್ಲಿ ಬರುವ ಸಂಖ್ಯೆ) ಕೂಡ ನನಗೆ ಇದೇ ಲೆಕ್ಕದಲ್ಲಿ ತಲೆಗೆ ಹೋಯಿತು. ಹಳೇ ಬೆಲೆಯಲ್ಲಿ ಆದಾಯವನ್ನು 101 ಮಾಡಿದೆ. ತೃಪ್ತಿ 50ರಿಂದ 50.5ಕ್ಕೆ ಏರಿತು. ಲ್ಯಾಂಬ್ಡಾ 0.5 ಅಂತ ಮೊದಲೇ ಬಂದಿತ್ತು.

ಶುರುವಿನಲ್ಲಿ ಇಂಟರ್ನಲ್ಸ್‌ನಲ್ಲಿ ಅಂಕ ಇನ್ನೂ ಇಳಿಯಿತು. ಒಂದು ಅಧ್ಯಾಯಕ್ಕೆ ಹತ್ತು ಗಂಟೆ ಹಿಡಿಯುತ್ತಿತ್ತು, ಪೋರ್ಷನ್ ನಿಜಕ್ಕೂ ಮುಗಿಯುತ್ತಿರಲಿಲ್ಲ. ಮೂರನೇ ಸೆಮಿಸ್ಟರಿನ ಹೊತ್ತಿಗೆ ಅದು ನಾಲ್ಕು ಗಂಟೆಗೆ ಇಳಿಯಿತು. ಯಾವ ಲೆಕ್ಕ ಮಾಡಬೇಕು, ಯಾವುದನ್ನು ಸುಮ್ನೆ ಬಿಡಬೇಕು ಅಂತ ನನ್ನದೊಂದು ಗುರುತು ಇದೆ. ಅದನ್ನು ಇಲ್ಲಿ ಬರೆಯಲ್ಲ. ಇಪ್ಪತ್ತು ಲೆಕ್ಕದಲ್ಲಿ ಆರೇಳು ಸಾಕು ಅಂತ ಮಾತ್ರ ಹೇಳಬಲ್ಲೆ.

ಎಕನಾಮೆಟ್ರಿಕ್ಸ್‌ಗೂ ಇದೇ ದಾರಿ. ಸೂತ್ರ ಕಲಿಯುವ ಮೊದಲು, ಪ್ರಕಟವಾದ ಒಂದು ಫಲಿತಾಂಶವನ್ನು ನನ್ನ ಕೈಯಿಂದ ಮತ್ತೆ ತೆಗೆಯಲು ಕೂತೆ. ಆರಿಸಿಕೊಂಡದ್ದು ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ 1994ರಲ್ಲಿ ಪ್ರಕಟಿಸಿದ ಕನಿಷ್ಠ ವೇತನದ ಅಧ್ಯಯನ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಕನಿಷ್ಠ ವೇತನ ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿತು, ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಅವರು ಎರಡೂ ಕಡೆಯ 410 ಫಾಸ್ಟ್ ಫುಡ್ ಅಂಗಡಿಗಳನ್ನು ಏರಿಕೆಗೆ ಮೊದಲೂ ಆಮೇಲೂ ವಿಚಾರಿಸಿದರು. ದತ್ತಾಂಶ ಎಲ್ಲರಿಗೂ ಸಿಗುತ್ತದೆ. ಅಂಗಡಿಗೆ ಸರಾಸರಿ ಕೆಲಸಗಾರರು ನ್ಯೂಜೆರ್ಸಿಯಲ್ಲಿ 20.44ರಿಂದ 21.03 ಆದರು, ಪೆನ್ಸಿಲ್ವೇನಿಯಾದಲ್ಲಿ 23.33ರಿಂದ 21.17ಕ್ಕೆ ಇಳಿದರು. ವ್ಯತ್ಯಾಸಗಳ ವ್ಯತ್ಯಾಸ, ಅಂದರೆ ಒಂದು ಕಡೆಯ ಬದಲಾವಣೆಯಿಂದ ಇನ್ನೊಂದು ಕಡೆಯದನ್ನು ಕಳೆದದ್ದು, ಸುಮಾರು 2.76. ನನಗೆ ಮೊದಲು ಬೇರೆಯೇ ಬಂತು. ಪಾರ್ಟ್ ಟೈಮ್ ಕೆಲಸಗಾರನನ್ನು ಅವರು ಅರ್ಧ ಅಂತ ಎಣಿಸಿದ್ದಾರೆ, ಮ್ಯಾನೇಜರ್‌ಗಳನ್ನೂ ಸೇರಿಸಿದ್ದಾರೆ. ಅದನ್ನು ಹಿಡಿಯುವುದಕ್ಕೇ ಒಂದು ವಾರಾಂತ್ಯ ಹೋಯಿತು. ಡಮ್ಮಿ, ಇಂಟರಾಕ್ಷನ್ ಟರ್ಮ್, ಸ್ಟ್ಯಾಂಡರ್ಡ್ ಎರರ್ ಎಂಬ ಎಕನಾಮೆಟ್ರಿಕ್ಸ್ ಪರಿಕರಗಳೆಲ್ಲಾ ಆ ವಾರಾಂತ್ಯದಲ್ಲಿ ಕಲಿತದ್ದೇ.

ಕೈಯಿಂದಲೇ ರಿಗ್ರೆಶನ್ (ದತ್ತಾಂಶಕ್ಕೆ ಹೊಂದುವ ಸೂತ್ರ ಹುಡುಕುವ ಲೆಕ್ಕ) ಮಾಡುವ ಆಸೆ ಇದ್ದರೆ ಕಾಬ್ ಮತ್ತು ಡಗ್ಲಸ್ 1928ರಲ್ಲಿ ಬಳಸಿದ ಅಮೆರಿಕದ ಕೈಗಾರಿಕೆಯ ದತ್ತಾಂಶ ಒಳ್ಳೆಯದು. 1899ರಿಂದ 1922ರವರೆಗೆ ವರ್ಷಕ್ಕೊಂದು ಸಾಲು, ಬರೀ 24. 1899 ಅನ್ನು 100 ಎಂದುಕೊಂಡರೆ 1922ರಲ್ಲಿ ಬಂಡವಾಳ 431, ಶ್ರಮ 161, ಉತ್ಪಾದನೆ 240. ಅವರ ಸೂತ್ರದಲ್ಲಿ (ಬಂಡವಾಳಕ್ಕೆ ಕಾಲು ಘಾತ, ಶ್ರಮಕ್ಕೆ ಮುಕ್ಕಾಲು ಘಾತ, ಗುಣಕ 1.01) ಹಾಕಿದರೆ 208ರ ಹತ್ತಿರ ಬರುತ್ತದೆ. ಆ 32ರ ಅಂತರ ನೋಡಿದ ಮೇಲೆ ರೆಸಿಡ್ಯುಯಲ್ ಎಂದರೇನು ಅಂತ ಯಾರನ್ನೂ ಕೇಳಬೇಕಾಗಲಿಲ್ಲ.

ದಾರಿ ತಪ್ಪಿ ಮಾಡಿದ ಒಂದು ಪ್ರಯೋಗ ಹೇಳಲೇಬೇಕು. ಅರ್ಥಶಾಸ್ತ್ರಜ್ಞ ವರ್ನನ್ ಸ್ಮಿತ್ 1962ರಲ್ಲಿ ಪ್ರಕಟಿಸಿದ ಮಾರುಕಟ್ಟೆ ಆಟವನ್ನು ಹಾಸ್ಟೆಲಿನಲ್ಲಿ ಹನ್ನೆರಡು ಜನರನ್ನು ಕೂರಿಸಿ ಆಡಿಸಿದೆ. ಖರ್ಚು ಹಳೇ ನೋಟ್‌ಬುಕ್ಕಿನ ಎರಡು ಹಾಳೆ. ಆರು ಕೊಳ್ಳುವವರ ಚೀಟಿಯಲ್ಲಿ ಅವರು ಕೊಡಬಹುದಾದ ಗರಿಷ್ಠ ಬೆಲೆ: 10, 9, 8, 7, 6, 5. ಆರು ಮಾರುವವರ ವೆಚ್ಚ 2, 3, 4, 5, 6, 7. ಇನ್ನೊಬ್ಬರ ಚೀಟಿ ಯಾರೂ ನೋಡುವಂತಿಲ್ಲ, ಕೂಗಿ ವ್ಯಾಪಾರ. ಮೊದಲ ಸುತ್ತಿನಲ್ಲಿ ಬೆಲೆ ಎಲ್ಲೆಲ್ಲೋ ಹಾರಿತು. ಮೂರನೇ ಸುತ್ತಿಗೆ 6ರ ಅಕ್ಕಪಕ್ಕ ಬಂದು ಕೂತಿತು.

ಆಮೇಲೆ 5ರ ಮೇಲೆ ಮಾರಬಾರದು, ಲಾಭವಿಲ್ಲದೆ ಸಮಸಮ ಆದರೂ ವ್ಯಾಪಾರ ಮಾಡಬಹುದು ಅಂತ ನಿಯಮ ಹಾಕಿದೆ. ಮಾರುವವರು ನಾಲ್ಕೇ ಜನ, ಕೇಳುವವರು ಆರು. 10ರ ಚೀಟಿಯವನಿಗೆ ಸರಕು ಸಿಗಲಿಲ್ಲ, 5ರವನಿಗೆ ಸಿಕ್ಕಿತು. ಒಟ್ಟು ಲಾಭ (ಕೊಂಡವರ ಚೀಟಿಗಳ ಮೊತ್ತದಿಂದ ಮಾರಿದವರ ವೆಚ್ಚ ಕಳೆದದ್ದು) 20 ಆಗಬೇಕಿತ್ತು, 15 ಆಯಿತು. ಪುಸ್ತಕದ ಡೆಡ್‌ವೆಯ್ಟ್ ತ್ರಿಕೋನದ (ನಡೆಯದೆ ಹೋದ ವ್ಯಾಪಾರಗಳ ನಷ್ಟ ತೋರಿಸುವ ಚಿತ್ರದ) ಪ್ರಕಾರ ಇಲ್ಲಿ ನಷ್ಟವೇ ಇಲ್ಲ, ಏಕೆಂದರೆ ಐದನೇ ವ್ಯಾಪಾರದಲ್ಲಿ ಲಾಭ ಸೊನ್ನೆ. ಹೋದ ಕಾಲು ಭಾಗ ಪೂರ್ತಿ ಸರಕು ತಪ್ಪಾದ ಕೈಗೆ ಹೋದದ್ದರಿಂದ. ಪರೀಕ್ಷೆಯಲ್ಲಿ ಬೆಲೆ ಮಿತಿಯ ಪ್ರಶ್ನೆ ಬಂದಾಗ ಇದನ್ನೇ ಬರೆದೆ. ಆ ಉತ್ತರಕ್ಕೆ ಪೂರ್ತಿ ಅಂಕ ಬಂತು.

ಈ ದಾರಿ ಎಲ್ಲಾ ಪೇಪರಿಗೂ ನಡೆಯಲ್ಲ. ಆರ್ಥಿಕ ಚಿಂತನೆಯ ಇತಿಹಾಸದಲ್ಲಿ ಬಿಡಿಸಲು ಲೆಕ್ಕವೇ ಇಲ್ಲ. ಅಲ್ಲಿ ಹಳೇ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಉದ್ದುದ್ದ ಬರೆದು ಅಭ್ಯಾಸ ಮಾಡಿದೆ, ಅರವತ್ತಕ್ಕಿಂತ ಜಾಸ್ತಿ ಯಾವತ್ತೂ ಬರಲಿಲ್ಲ. ಮ್ಯಾಕ್ರೋದಲ್ಲಿ, ಅಂದರೆ ಇಡೀ ದೇಶದ ಆರ್ಥಿಕತೆಯ ಪೇಪರಿನಲ್ಲಿ, ಸೋಲೋ ಅವರ ಬೆಳವಣಿಗೆ ಮಾದರಿಯವರೆಗೆ ಲೆಕ್ಕ ಕೈ ಹಿಡಿಯಿತು. ಹಣಕಾಸು ನೀತಿಯ ಪ್ರಶ್ನೆಗಳಿಗೆ ಕೇಂದ್ರ ಬ್ಯಾಂಕಿನ ವರದಿ ಓದುವುದೇ ಸರಿ. ಹಳೇ ಆವೃತ್ತಿ ಇಟ್ಟುಕೊಂಡವರು ಮೇಷ್ಟ್ರು ಅಸೈನ್‌ಮೆಂಟ್ ಕೊಟ್ಟ ದಿನವೇ ಹೊಸದರ ಲೆಕ್ಕದ ಪುಟಗಳ ಫೋಟೋ ತೆಗೆದುಕೊಳ್ಳಿ. ನಂಬರು ನಂಬಿಕೊಂಡರೆ ಬೇರೆಯೇ ಲೆಕ್ಕ ಬಿಡಿಸಿ ಕೊಟ್ಟು ಬರುತ್ತೀರಿ.